ರಾಯರ ಹಿಂದೆ ಬಂದ ಕುದುರೆ

ನಮ್ಮ ಉದ್ಯಾನ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. ಕೆಲಸ ನಿಜವಾಗಿ ಹೇಗಿರುತ್ತದೆ ಹೇಳಿ ಮೇಡಂ ಎಂದರು. ಒಬ್ಬಳು ಪೆನ್ನು ಹಿಡಿದು ಕೂತೇಬಿಟ್ಟಳು. ಗಿಡ, ಗೊಬ್ಬರ, ನೀರು ಎಂದು ಶುರು ಮಾಡುತ್ತೇನೆ ಅಂದುಕೊಂಡಿದ್ದಳೋ ಏನೋ. "ಕುದುರೆಗೆ ಹೆದರಬೇಡಿ, ರಿಟೈರಾದವರಿಗೆ ಹೆದರಿ" ಎಂದೆ. ಪಾಪ, ಅದನ್ನೂ ಬರೆದುಕೊಂಡಳು. ಅವರಿಗೆ ಅಂದು ತಮಿಳಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಕಥೆಯಲ್ಲಿ ಮುಖ್ಯವಾದದ್ದೆಲ್ಲ ನಡೆದದ್ದು ಕನ್ನಡದಲ್ಲೇ.

ನಮ್ಮಪ್ಪ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಮದರಾಸಿಗೆ ಬಂದವರು. ನಾನು ಹುಟ್ಟಿ ಬೆಳೆದದ್ದು ಪೆರಂಬೂರಿನ ಕ್ವಾರ್ಟರ್ಸ್‌ನಲ್ಲಿ. ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ಕಲಿತದ್ದು ಅಮ್ಮನ ಬೈಗುಳದಿಂದ. ಅಕ್ಷರ ಕಲಿಸಿದವರೂ ಅಮ್ಮನೇ, ಅಂಗಡಿ ಸಾಮಾನಿನ ಪಟ್ಟಿ ಬರೆಸುತ್ತಾ. ಹಾಗಾಗಿ ನನ್ನ ಬರವಣಿಗೆಗೆ ಅಲ್ಲಲ್ಲಿ ಸಾಸಿವೆ ಇಂಗಿನ ವಾಸನೆ ಇದ್ದರೆ ಸಹಿಸಿಕೊಳ್ಳಬೇಕು.

ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಆ ಒಂದು ದಾರಿ. ಅಡ್ಯಾರಿನಲ್ಲಿ ಹೊಳೆಯ ಪಕ್ಕದಿಂದ ಹೊರಟು ಕಡಲ ಮರಳಿಗೆ ಮುಟ್ಟುವ ಕಾಲುದಾರಿ. ಎರಡೂ ಬದಿ ಹೊಂಗೆಮರ, ನಡುನಡುವೆ ಕಲ್ಲುಬೆಂಚು. ನೌಕರಿಯ ಕೊನೆಯ ವರ್ಷಗಳಲ್ಲಿ ಅದರ ಮೇಲ್ವಿಚಾರಣೆ ನನ್ನದಾಗಿತ್ತು. ಬೆಳಗಾದರೆ ಅಲ್ಲಿ ನಡೆಯುವವರು, ಸೈಕಲ್ಲಿನವರು, ಜತೆಗೆ ಏಳುಮಲೈಯ ಎರಡು ಕುದುರೆಗಳು. ನಡೆಯುವವರಿಗೆ ಸೈಕಲ್ಲು ಕಂಡರಾಗದು, ಸೈಕಲ್ಲಿನವರಿಗೆ ನಡೆಯುವವರು ಕಂಡರಾಗದು, ಇಬ್ಬರಿಗೂ ಕುದುರೆ ಕಂಡರಾಗದು. ಕುದುರೆಗಳಿಗೆ ಯಾರ ಮೇಲೂ ದೂರಿರಲಿಲ್ಲ. ಇದ್ದಿದ್ದರೂ ಅರ್ಜಿ ಬರೆಯಲು ಬರುತ್ತಿರಲಿಲ್ಲ, ಅದೇ ಅವುಗಳ ತಾಪತ್ರಯ.

ಏಳುಮಲೈ ಮರಳಿನ ಮೇಲೆ ಮಕ್ಕಳನ್ನು ಕುದುರೆ ಹತ್ತಿಸಿ ಸುತ್ತಾಡಿಸುವವನು. ಅವನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ಆಗ ಅದು ಬರಿ ಮಣ್ಣಿನ ಜಾಡು. ಆಮೇಲೆ ನಾವು ಹೋಗಿ ಅದರ ಮೇಲೆ ಕಲ್ಲು ಹಾಸಿ, ಬೋರ್ಡು ನೆಟ್ಟು, "ಇದೇನಿದು, ವಾಕಿಂಗ್ ದಾರಿಯಲ್ಲಿ ಕುದುರೆ?" ಎಂದು ಹುಬ್ಬೇರಿಸಿದೆವು. ಅವನ ಕುದುರೆಗಳಿಗೆ ಮರಳಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ಬಸ್ಸು ಲಾರಿಗಳ ದೊಡ್ಡ ರಸ್ತೆಯಲ್ಲಿ ಕುದುರೆ ತಂದರೆ ಟ್ರಾಫಿಕ್ ಪೊಲೀಸರು ಬಿಡುತ್ತಿರಲಿಲ್ಲ. ನಮ್ಮ ದಾರಿ ಮುಚ್ಚಿದರೆ ಅವನ ಕಸುಬೇ ಮುಚ್ಚಿದಂತೆ.

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಆಗ ನಮಗಿದ್ದ ಎಂಜಿನಿಯರ್ ಸಾಹೇಬರಿಗೆ ಅಳತೆ ಟೇಪಿನ ಮೇಲೆ ಬಹಳ ಪ್ರೀತಿ. ಊಟದ ಡಬ್ಬಿ ಮರೆತು ಬಂದಾರು, ಟೇಪು ಮರೆಯುತ್ತಿರಲಿಲ್ಲ. ಜಗಳ ತಪ್ಪಿಸಲು ದಾರಿಯನ್ನು ಉದ್ದಕ್ಕೂ ಮೂರು ಭಾಗ ಮಾಡಿ ಗೆರೆ ಎಳೆಯಿರಿ, ಒಂದರಲ್ಲಿ ಮನುಷ್ಯನ ಚಿತ್ರ, ಒಂದರಲ್ಲಿ ಸೈಕಲ್ಲು, ಒಂದರಲ್ಲಿ ಕುದುರೆ ಬರೆಸಿ ಎಂದರು. ಅಳತೆ ಮಾಡುವ ಜವಾಬ್ದಾರಿ ನನಗೆ ಬಿತ್ತು. ನಾನು ಏಳುಮಲೈಯ ಗಂಡು ಕುದುರೆ ರಾಜಾನನ್ನು ನಿಲ್ಲಿಸಿಕೊಂಡು ಹೊಟ್ಟೆಯ ಅಗಲ ಅಳೆದೆ. ಎರಡೂ ಕಡೆ ಒಂದೊಂದು ಗೇಣು ಸೇರಿಸಿದೆ. ಸಾಹೇಬರು ನನ್ನ ಲೆಕ್ಕ ನೋಡಿ ಭೇಷ್ ಎಂದರು.

ಪೇಂಟರ್ ಬಂದು ಚಿತ್ರ ಬರೆದ. ಏಳುಮಲೈ ಬಗ್ಗಿ ಬಗ್ಗಿ ನೋಡಿದ.

"ಅಮ್ಮಾ, ಇದು ಕುದುರೆಯಾ? ಆಡಮ್ಮಾ ಇದು, ಆಡು! ನಮ್ಮ ರಾಜಾ ನೋಡಿದರೆ ಮನಸ್ಸಿಗೆ ಹಚ್ಕೊಳ್ತಾನೆ."

ಚಿತ್ರ ಹೋಗಲಿ. ಮಾರನೆಯ ಬೆಳಿಗ್ಗೆ ರಾಜಾ ತನ್ನ ಗೆರೆಯೊಳಗೆ ಜಾಣನಂತೆ ಹೊರಟ. ಆಗ ನನಗೆ ಹೊಳೆಯಿತು: ಕುದುರೆಯನ್ನು ಅಳೆದಿದ್ದೆ, ಅದನ್ನು ಹಿಡಿದು ನಡೆಯುವವನನ್ನು ಅಳೆದಿರಲಿಲ್ಲ. ಕುದುರೆ ಕುದುರೆಯ ಭಾಗದಲ್ಲಿ, ಏಳುಮಲೈ ಸೈಕಲ್ಲಿನ ಭಾಗದಲ್ಲಿ! ಹಿಂದಿನಿಂದ ಬಂದ ಸೈಕಲ್ಲು ಅವನ ಪಂಚೆಗೆ ಸಿಕ್ಕಿ, ಸವಾರನೂ ಅವನೂ ಒಟ್ಟಿಗೆ ಹೊಂಗೆಮರದ ಬುಡಕ್ಕೆ ಬಿದ್ದರು. ಯಾರಿಗೂ ಹೆಚ್ಚು ಪೆಟ್ಟಾಗಲಿಲ್ಲ. ರಾಜಾ ಮಾತ್ರ ಗೆರೆ ದಾಟದೆ ನಿಂತು ಇಬ್ಬರನ್ನೂ ನೋಡುತ್ತಿದ್ದ. ಆಮೇಲೆ ತಿಳಿದುಬಂದದ್ದು, ನಡೆಯುವವರೆಲ್ಲ ಕುದುರೆಯ ಭಾಗದಲ್ಲೇ ನಡೆಯುತ್ತಿದ್ದರು, ಅಲ್ಲಿ ಕಡಲಗಾಳಿ ಚೆನ್ನಾಗಿತ್ತಂತೆ. ಗೆರೆ ತಾನಾಗಿ ಮಾಸುವವರೆಗೆ ನಾನು ಆ ಕಡೆ ತಲೆ ಹಾಕಲಿಲ್ಲ.

ಸಾಹೇಬರು ವರ್ಗವಾಗಿ, ಕಯಲ್‌ವಿಳಿ ಎಂಬ ಹೊಸ ಅಧಿಕಾರಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಾಗಬಹುದು. ಚುರುಕು ಹೆಂಗಸು. ಅವರು ಬಂದದ್ದೇ ದೂರಿನ ರಿಜಿಸ್ಟರು ಹೋಗಿ ಫೋನಿನ ಆ್ಯಪ್ ಬಂತು. ಮೊದಲು ದೂರು ಕೊಡಬೇಕಾದರೆ ಆಫೀಸಿಗೆ ಬಂದು, ದಾರದಲ್ಲಿ ಕಟ್ಟಿದ ನಮ್ಮ ಪೆನ್ನಿನಲ್ಲಿ ಬರೆಯಬೇಕಿತ್ತು. ಅರ್ಧ ಜನರ ಸಿಟ್ಟು ಆ ಪೆನ್ನಿನ ಶಾಯಿ ಹರಿಯದೆಯೇ ಇಳಿದುಹೋಗುತ್ತಿತ್ತು. ಈಗ ಹಾಗಲ್ಲ. ರಾಜಾ ಒಂದು ಕಡೆ ಲದ್ದಿ ಹಾಕಿದರೆ, ಆ ದಾರಿಯಲ್ಲಿ ಹೋದವರೆಲ್ಲ ಒಂದೊಂದು ಫೋಟೋ ತೆಗೆದು ಕಳಿಸುತ್ತಿದ್ದರು. ಲದ್ದಿ ಒಂದೇ, ದೂರು ಹನ್ನೊಂದು. ಒಂದೊಂದನ್ನೂ ಬೇರೆ ಬೇರೆಯಾಗಿ ಮುಗಿಸಬೇಕು, ಮುಗಿಸಿದ್ದಕ್ಕೆ ನಾನೂ ಫೋಟೋ ಹಾಕಬೇಕು. ಈ ವಯಸ್ಸಿನಲ್ಲಿ ನನ್ನ ಫೋನಿನ ತುಂಬ ಮೊಮ್ಮಕ್ಕಳ ಚಿತ್ರ ಇರಬೇಕಿತ್ತು, ಏನಿತ್ತೆಂದು ಹೇಳಬೇಕಾಗಿಲ್ಲ.

ಇದಕ್ಕೆ ಒಂದು ಉಪಾಯ ಮಾಡಿದೆ. ದೂರು ಕೊಡುವವರಲ್ಲಿ ಬಹಳ ಜನರ ತಾರಸಿಯ ಮೇಲೆ ಗುಲಾಬಿ ಕುಂಡಗಳಿದ್ದವು. ದಾರಿಯ ಬಾಯಲ್ಲಿ ಒಂದು ಮಂಕರಿ ಇಟ್ಟು, ಏಳುಮಲೈಯೇ ಲದ್ದಿ ತೆಗೆದು ಅದಕ್ಕೆ ಹಾಕಬೇಕೆಂದು ಹೇಳಿ, ಮೇಲೆ "ಗುಲಾಬಿಗೆ ಉತ್ತಮ ಗೊಬ್ಬರ, ಉಚಿತ" ಎಂದು ತಮಿಳಿನಲ್ಲಿ ಬರೆಸಿದೆ. ವಾರದೊಳಗೆ ದೂರು ನಿಂತುಹೋಯಿತು. ಎರಡನೆಯ ವಾರ ಹೊಸ ದೂರು ಬಂತು: ಕೆಲವರು ಬೆಳಕು ಹರಿಯುವ ಮೊದಲೇ ಬಂದು ಎಲ್ಲ ಗೊಬ್ಬರ ಒಯ್ಯುತ್ತಾರೆ, ಉಳಿದವರಿಗೆ ಸಿಗುತ್ತಿಲ್ಲ, ಕುದುರೆಗಳ ಸಂಖ್ಯೆ ಹೆಚ್ಚಿಸಬೇಕು. ಕಯಲ್‌ವಿಳಿ ಅದನ್ನು ಓದಿ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ.

ಆದರೆ ಎಲ್ಲ ದೂರೂ ನಗುವಂಥದ್ದಲ್ಲ. ಕುದುರೆ ದೊಡ್ಡ ಪ್ರಾಣಿ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲು ಅದಕ್ಕೆ ಕಾಣುವುದಿಲ್ಲ, ಬೆಚ್ಚಿದರೆ ಕಾಲು ಝಾಡಿಸುತ್ತದೆ. ಅಂಥ ಒಂದು ಒದೆತ ಸೈಕಲ್ಲಿನ ಚಕ್ರಕ್ಕೆ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಅದು ಮೊಣಕಾಲಿಗೆ ಬಿದ್ದಿದ್ದರೆ ಏನು ಗತಿ ಎಂದು ಆ ದಿನ ನನಗೆ ಅನ್ನ ಸೇರಲಿಲ್ಲ. ಹಾಗಾಗಿ ಕುದುರೆಗಳನ್ನು ದಾರಿಯಿಂದ ಪೂರ್ತಿ ತೆಗೆಯಬೇಕೆಂದು ಪದ್ಮನಾಭ ರಾಯರು ಅರ್ಜಿ ತಂದಾಗ, ತಲೆಕೆಟ್ಟವರ ಮಾತು ಎಂದು ತಳ್ಳಿಹಾಕುವಂತಿರಲಿಲ್ಲ.

ರಾಯರು ಉಡುಪಿ ಕಡೆಯವರು. ವಿಮಾ ಕಂಪನಿಯಲ್ಲಿದ್ದು ನಿವೃತ್ತರಾದವರು. ಬೆಳಗಿನ ವಾಕಿಂಗ್ ಗುಂಪಿಗೆಲ್ಲ ಅವರೇ ಮುಂದಾಳು. ಅರ್ಜಿಯನ್ನು ತಮಿಳಿನಲ್ಲಿ ಕಯಲ್‌ವಿಳಿಯ ಕೈಗೆ ಕೊಟ್ಟು, ಹೊರಗೆ ಬಂದು ನನ್ನ ಮೇಜಿನ ಹತ್ತಿರ ದನಿ ಇಳಿಸಿ ಕನ್ನಡಕ್ಕೆ ಬದಲಾದರು.

"ವನಜಮ್ಮ, ನೀವು ನಮ್ಮವರು. ನಿಮ್ಮ ಹತ್ರ ಹೇಳದೆ ಮತ್ಯಾರ ಹತ್ರ ಹೇಳುದು? ಆ ಬಿಳಿ ಕುದುರೆ ಉಂಟಲ್ಲ, ಅದಕ್ಕೆ ನನ್ನ ಮೇಲೆ ಎಂತದೋ ದ್ವೇಷ. ಅಷ್ಟು ಜನ ನಡೀತಾರೆ, ನನ್ನ ಬೆನ್ನ ಹಿಂದೆಯೇ ಬಂದು ನಿಲ್ಲುದು ಎಂತಕ್ಕೆ?"

"ಜೇಬಲ್ಲಿ ಕಡಲೆಕಾಯಿ ಏನಾದ್ರೂ ಇಟ್ಕೊಂಡಿರ್ತೀರಾ ರಾಯರೇ?"

"ಎಂತದ್ದೂ ಇಲ್ಲ ಮಾರಾಯ್ರೆ! ಅಂಗಿ ಬದಲಾಯಿಸಿದೆ, ತಲೆಯೆಣ್ಣೆ ಬದಲಾಯಿಸಿದೆ. ಮೊನ್ನೆ ಕುತ್ತಿಗೆಗೆ ಉಸಿರು ಬಿಟ್ಟಿತು. ಹೃದಯ ನಿಂತು ಹೋಗುದು ಬಾಕಿ."

ಬಿಳಿ ಕುದುರೆ ಎಂದರೆ ಏಳುಮಲೈಯ ಹೆಣ್ಣು ಕುದುರೆ ಸೆಲ್ವಿ. ಅವನ ಬಳಿಗೆ ಬಂದು ಎರಡು ವರ್ಷವಾಗಿತ್ತು. ಸಾಧು ಪ್ರಾಣಿ. ಶುಕ್ರವಾರ ಕಯಲ್‌ವಿಳಿಯವರು ಸ್ಥಳಕ್ಕೆ ಬಂದು ನೋಡಿ ತೀರ್ಮಾನ ಮಾಡುವುದು, ಅಷ್ಟರಲ್ಲಿ ನಾನು ಟಿಪ್ಪಣಿ ಬರೆದಿಡುವುದು ಎಂದಾಯಿತು. ಏಳುಮಲೈಗೆ ಸುದ್ದಿ ಮುಟ್ಟಿತು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.

"ದಾರಿ ಮುಚ್ಚಿದರೆ ಎರಡನ್ನೂ ಮಾರಬೇಕಮ್ಮಾ. ರಾಜಾಗೆ ವಯಸ್ಸಾಯ್ತು, ಅವನನ್ನ ಸವಾರಿಗೆ ಅಂತ ಯಾರೂ ಕೊಳ್ಳಲ್ಲ. ಯಾವುದಕ್ಕೆ ಕೊಳ್ತಾರೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ."

ಇಲ್ಲಿ ಒಂದು ತಪ್ಪೊಪ್ಪಿಗೆ. ಅದೇ ಸಂಜೆ ನಾನು "ಕುದುರೆಗಳನ್ನು ನಿಷೇಧಿಸುವುದು ಸೂಕ್ತ" ಎಂದು ಅರ್ಧ ಪುಟ ಬರೆದೂ ಬಿಟ್ಟಿದ್ದೆ. ಒದೆತದ ಭಯ ಒಂದು ಕಾರಣ. ಇನ್ನೊಂದನ್ನು ಹೇಳಲು ನಾಚಿಕೆ: ರಾಯರು ಕನ್ನಡದಲ್ಲಿ ಕೇಳಿದ್ದರು. ಈ ಊರಲ್ಲಿ ಯಾರಾದರೂ ನಮ್ಮ ಭಾಷೆಯಲ್ಲಿ "ನೀವು ನಮ್ಮವರು" ಅಂದುಬಿಟ್ಟರೆ ನಾನು ಕರಗಿಹೋಗುತ್ತೇನೆ. ಹೊಸಬರೇ, ನಿಮಗೆ ಯಾವ ಮಾತಿಗೆ ಕರಗುವ ಚಾಳಿ ಇದೆಯೋ ಮೊದಲೇ ಕಂಡುಕೊಂಡಿರಿ.

ಅರ್ಧ ಪುಟ ಬರೆದ ಮೇಲೆ ನಿದ್ದೆ ಸರಿಯಾಗಲಿಲ್ಲ. ಬೆಳಿಗ್ಗೆ ಎದ್ದು ದಾರಿಗೇ ಹೋದೆ. ರಾಯರು ಮುಂದೆ ಬಿರಬಿರನೆ ನಡೆಯುತ್ತಿದ್ದರು. ಅವರ ಹೆಂಡತಿ ನಾಗವೇಣಿಯಮ್ಮ ಅಷ್ಟು ದೂರದಲ್ಲಿ ಹಿಂದೆ. ಅವರಿಗಿಂತ ಹಿಂದೆ ಏಳುಮಲೈ, ಅವನ ಎರಡು ಕೈಯಲ್ಲಿ ಎರಡು ಹಗ್ಗ. ಮರದ ಮರೆಯಿಂದ ನೋಡುತ್ತಲೇ ಇದ್ದೆ. ಸೆಲ್ವಿ ಇದ್ದಕ್ಕಿದ್ದಂತೆ ಕಿವಿ ನಿಗುರಿಸಿ, ಏಳುಮಲೈಯನ್ನೂ ಎಳೆದುಕೊಂಡು, ನಾಗವೇಣಿಯಮ್ಮನನ್ನು ದಾಟಿ, ನೇರವಾಗಿ ರಾಯರ ಬೆನ್ನಿಗೆ ಹೋಗಿ ನಿಂತಿತು. ರಾಯರು ಹಾರಿಬಿದ್ದರು. ಎರಡನೆಯ ದಿನವೂ ಅದೇ ಕಥೆ.

ಮೂರನೆಯ ದಿನ ಮರೆಯಲ್ಲಿ ನಿಲ್ಲದೆ ರಾಯರ ಹತ್ತಿರವೇ ನಡೆದೆ. ಆಗ ಕೇಳಿಸಿತು. ರಾಯರು ಹಿಂದೆ ತಿರುಗಿಯೂ ನೋಡದೆ, ದೊಡ್ಡ ದನಿಯಲ್ಲಿ ಹೆಂಡತಿಯನ್ನು ಕರೆಯುತ್ತಿದ್ದರು: "ಬಾ, ಬಾ! ಬೇಗ ಬಾ ಮಾರಾಯ್ತಿ!" ಅಂದ ಮರುಕ್ಷಣ ಹಿಂದೆ ಗೊರಸಿನ ಸದ್ದು.

ಮರಳಿಗೆ ಇಳಿದ ಮೇಲೆ ಏಳುಮಲೈಯನ್ನು ಹಿಡಿದು ಕೇಳಿದೆ, ಇವಳನ್ನು ಎಲ್ಲಿಂದ ತಂದೆ ಎಂದು. ಮೈಸೂರಿನಲ್ಲಿ ಟಾಂಗಾ ಹೊಡೆಯುತ್ತಿದ್ದ ಮುದುಕನ ಕೈಯಿಂದ ಎಂದ. ಆ ಮುದುಕ ಮಗುವಿನ ಜತೆ ಮಾತಾಡಿದ ಹಾಗೆ ಕುದುರೆಯ ಜತೆ ಮಾತಾಡುತ್ತಿದ್ದನಂತೆ. ಏಳುಮಲೈಗೆ ಆ ಅಭ್ಯಾಸ ಇರಲಿಲ್ಲ. ನಾಲಿಗೆಯಲ್ಲಿ ಟಕ್ ಟಕ್ ಎನ್ನಿಸಿ ಹಗ್ಗ ಎಳೆಯುವುದೇ ಅವನ ಕ್ರಮ. ನಾನು ಇಪ್ಪತ್ತು ಹೆಜ್ಜೆ ದೂರ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕರೆದೆ.

"ಬಾ ಕಂದ, ಬಾ ಬಾ."

ಸೆಲ್ವಿ ನಡೆದು ಬಂತು. "ಸಾಕು" ಎಂದೆ, ನಿಂತಿತು. "ಹಿಂದೆ ಸರಿ" ಎಂದೆ, ಎರಡು ಹೆಜ್ಜೆ ಹಿಂದೆ ಸರಿಯಿತು. ಏಳುಮಲೈ ಮರಳಿನಲ್ಲಿ ಕೂತುಬಿಟ್ಟ.

"ಎರಡು ವರ್ಷ ಜತೆಗಿದ್ದಾಳಮ್ಮಾ. ಇವಳಿಗೆ ಇಷ್ಟೆಲ್ಲ ತಿಳಿಯುತ್ತೆ ಅಂತ ನನಗೆ ಗೊತ್ತೇ ಆಗಲಿಲ್ಲ" ಎಂದ.

ಮತ್ತೊಮ್ಮೆ ಬಾ ಎಂದಾಗ ಸೆಲ್ವಿ ತನ್ನ ಮೂತಿಯನ್ನು ನನ್ನ ಹೆಗಲ ಮೇಲೆ ಇಟ್ಟಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅಮ್ಮ ಹೋದ ಮೇಲೆ ಮನೆಯಲ್ಲಿ ನನ್ನನ್ನೂ ಯಾರೂ ಕನ್ನಡದಲ್ಲಿ ಕರೆದಿಲ್ಲ. ನನ್ನ ಮಗನಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಮನೆಗೆ ಹೋಗಿ ಆ ಅರ್ಧ ಪುಟ ಹರಿದುಹಾಕಿದೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ದಾರಿಯಲ್ಲಿ ಸೇರಿದೆವು. ನಾನು ಕಯಲ್‌ವಿಳಿಯವರನ್ನು ಬದಿಗೆ ಕರೆದು ವಿಷಯ ಹೇಳಿದೆ.

"ವನಜಮ್ಮ, ಫೈಲಿನಲ್ಲಿ ಏನಂತ ಬರೀಲಿ? ಕುದುರೆಗೆ ಕನ್ನಡ ಬರುತ್ತೆ ಅಂತಲಾ?" ಎಂದು ಕಯಲ್‌ವಿಳಿ ತಲೆ ಚಚ್ಚಿಕೊಂಡರು. ಅದನ್ನು ಕೇಳಿಸಿಕೊಂಡ ರಾಯರಂತೂ ಕೆಂಡವಾದರು.

"ಎಂತ ವನಜಮ್ಮ, ತಮಾಷೆಯಾ? ನಾನು ಕುದುರೆಯನ್ನು ಯಾವಾಗ ಕರೆದದ್ದು?"

ಪರೀಕ್ಷೆ ಮಾಡಿಯೇ ನೋಡೋಣ ಎಂದರು ಕಯಲ್‌ವಿಳಿ. ಮೊದಲು ರಾಯರು ಬಾಯಿ ಮುಚ್ಚಿಕೊಂಡು ನಡೆಯಬೇಕು. ಅದು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವರ ಭುಜ ನೋಡಿದರೇ ತಿಳಿಯುತ್ತಿತ್ತು. ಸೆಲ್ವಿ ತನ್ನ ಪಾಡಿಗೆ ಏಳುಮಲೈಯ ಪಕ್ಕದಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿತು. ಎರಡನೆಯ ಸಲ, ದಿನಾ ಮಾಡುವ ಹಾಗೆ ಮಾಡಿ ಎಂದರು. ರಾಯರು ಮುಂದೆ ಹೋದರು, ನಾಗವೇಣಿಯಮ್ಮ ಎಂದಿನಂತೆ ಹಿಂದುಳಿದರು.

"ಬಾ, ಬಾ! ಬೇಗ ಬಾ ಮಾರಾಯ್ತಿ!"

ಕುದುರೆ ಹೊರಟಿತು. ನಾಗವೇಣಿಯಮ್ಮನೂ ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಅವಸರವಾಗಿ ಇಟ್ಟರು. ಪಕ್ಕದಲ್ಲೇ ಸೆಲ್ವಿ ಹಾದುಹೋದದ್ದನ್ನು ನೋಡಿ ತಟ್ಟನೆ ನಿಂತರು. ಅಷ್ಟರಲ್ಲಿ ಸೆಲ್ವಿ ರಾಯರ ಬೆನ್ನ ಹಿಂದೆ ಹೋಗಿ, ಇನ್ನೇನು ಅಪ್ಪಣೆ ಎಂಬಂತೆ ನಿಂತಿತ್ತು. ರಾಯರು ತಿರುಗಿ ನೋಡಿದರು. ಹೆಂಡತಿ ಇರಬೇಕಾದ ಜಾಗದಲ್ಲಿ ಕುದುರೆ.

"ನೀನು ಅಲ್ಲಿ ಎಂತ ಮಾಡ್ತಿದ್ದೀ? ಬಾ ಅಂದೆ ಅಲ್ವಾ?"

"ಕುದುರೆ ಬಂತಲ್ಲ, ಇನ್ನು ನಾನು ಎಂತಕ್ಕೆ?" ಎಂದರು ನಾಗವೇಣಿಯಮ್ಮ, ನಿಂತಲ್ಲಿಂದಲೇ. "ನೀವು ತಿರುಗಿ ನೋಡದೆ ಕರೆದರೂ ಓಡಿ ಬರುದು ನಾನೊಬ್ಬಳೇ ಅಂತ ಇಷ್ಟು ವರ್ಷ ಗ್ರಹಿಸಿದ್ದೆ. ಸದ್ಯ, ಈಗ ಜೊತೆಗೊಬ್ಬಳು ಸಿಕ್ಕಿದಳು."

ಏನು ಹೇಳಿದರು ಎಂದು ಕಯಲ್‌ವಿಳಿ ಕೇಳಿದರು. ನನ್ನ ಇಡೀ ನೌಕರಿಯಲ್ಲಿ ಯಾವುದನ್ನೂ ಅಷ್ಟು ನಿಷ್ಠೆಯಿಂದ ತಮಿಳಿಗೆ ತಂದವಳಲ್ಲ. ಅವರು ನಗು ತಡೆಯಲಾರದೆ ಫೈಲಿನಿಂದ ಮುಖ ಮುಚ್ಚಿಕೊಂಡರು. ಗುಂಪಿನಲ್ಲಿದ್ದ ಹೆಂಗಸರು ಮುಖ ಮುಚ್ಚಿಕೊಳ್ಳದೆಯೇ ನಕ್ಕರು. ರಾಯರು ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅರ್ಜಿಯ ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಟಿಪ್ಪಣಿ ನಾನೇ ಬರೆದೆ: "ಸದರಿ ಕುದುರೆಯು ಕರೆದರೆ ಬರುವ ಸ್ವಭಾವದ್ದಾಗಿದ್ದು, ಕರೆಯದಿದ್ದಲ್ಲಿ ಯಾವುದೇ ತೊಂದರೆ ಕಂಡುಬಂದಿರುವುದಿಲ್ಲ." ಕುದುರೆಗಳು ಇರಬಹುದು ಎಂದು ಆದೇಶವಾಯಿತು, ಆದರೆ ಷರತ್ತುಗಳ ಮೇಲೆ. ಒಂದೊಂದು ಕುದುರೆಯನ್ನು ಒಬ್ಬೊಬ್ಬರು ಹಿಡಿಯಬೇಕು. ಜನ ಹೆಚ್ಚುವ ಮೊದಲೇ ಮರಳಿಗೆ ಇಳಿಯಬೇಕು. ಸೈಕಲ್ಲಿನವರು ಕುದುರೆಯ ಹಿಂದಿನಿಂದ ಬರುವಾಗ ಬಾಯಿ ಬಿಟ್ಟು ಕೂಗಿ ಹೇಳಿ, ನಿಧಾನ ಮಾಡಬೇಕು. ಏಳುಮಲೈ ಎರಡನೆಯ ಹಗ್ಗಕ್ಕೆ ತನ್ನ ಹೆಂಡತಿಯನ್ನು ಕರೆತಂದ. ನನ್ನ ಹತ್ತಿರ ಬಂದು ಹತ್ತು ಕನ್ನಡ ಮಾತು ಬರೆಸಿಕೊಂಡೂ ಹೋದ, ತಮಿಳು ಅಕ್ಷರದಲ್ಲಿ. ಆಮೇಲೆ ಯಾರಿಗೂ ಒದೆತ ಬೀಳಲಿಲ್ಲ. ಸಣ್ಣಪುಟ್ಟ ಜಗಳ ಇದ್ದೇ ಇತ್ತು. ಜಗಳವೇ ಇಲ್ಲದ ದಾರಿ ಬೇಕೆಂದರೆ ಮನುಷ್ಯರನ್ನೇ ಬಿಡಬಾರದು.

ಆದೇಶದ ಬೋರ್ಡು ನೆಡಿಸಿದ ಮರುದಿನ ಬೆಳಿಗ್ಗೆ, ಸಿಮೆಂಟು ಒಣಗಿದೆಯೇ ನೋಡಲು ಹೋಗಿದ್ದೆ. ರಾಯರು ಬಂದರು. ಎಂದಿನಂತೆ ಮುಂದೆ ನಡೆದರು, ಎಂದಿನಂತೆ ಬಾಯಿ ತೆರೆದರು, ಸೆಲ್ವಿಯ ನೆನಪಾಗಿ ಮುಚ್ಚಿದರು. ಕೂಗುವಂತಿಲ್ಲ. ಕೂಗದಿದ್ದರೆ ಹೆಂಡತಿ ಎಲ್ಲಿದ್ದಾರೆಂದು ತಿಳಿಯುವಂತಿಲ್ಲ. ನಿಂತು ಹಿಂದೆ ತಿರುಗಿದರು. ದೂರದಿಂದ ನಾಗವೇಣಿಯಮ್ಮ ಬರುವುದನ್ನು ಅವರು ಮೊದಲ ಸಲ ಪೂರ್ತಿ ನೋಡಿದರು ಅಂತ ಕಾಣುತ್ತದೆ. ಒಂದು ಹೆಜ್ಜೆ ಸರಿಯಾಗಿ, ಇನ್ನೊಂದನ್ನು ಎಳೆದುಕೊಂಡು, ಬೆಂಚು ಸಿಕ್ಕಲ್ಲೆಲ್ಲ ಅದರ ಬೆನ್ನಿಗೆ ಕೈಯೂರಿ.

ಅವರು ಹತ್ತಿರ ಬಂದಾಗ ರಾಯರು ಕೇಳಿದರು, "ಕಾಲು ನೋವುಂಟಾ?"

"ಹೌದು" ಎಂದರು ನಾಗವೇಣಿಯಮ್ಮ. "ಮೂರು ವರ್ಷ ಆಯ್ತು."